ಚಿಲಕವಿರುವ ಒಂದೇ ಬಾಗಿಲು

ವೀರಭದ್ರಯ್ಯ: ಟೀಚರಮ್ಮಾ, ಒಳಗೆ ನೀರಿನ ಸದ್ದೇ ಇಲ್ವಲ್ಲ! ಸ್ನಾನ ಮಾಡ್ತಿದೀರೋ, ಸುಮ್ನೆ ಕೂತಿದೀರೋ?

ಎಸ್ತೇರಮ್ಮ: (ಬಚ್ಚಲಿನೊಳಗಿಂದ) ಎರಡೂ ಅಲ್ಲ. ಪ್ರಾರ್ಥನೆ ಮಾಡ್ತಿದೀನಿ.

ವೀರಭದ್ರಯ್ಯ: ಬಚ್ಚಲಲ್ಲಿ?

ಎಸ್ತೇರಮ್ಮ: ಯಾಕೆ, ದೇವರು ಇಲ್ಲಿಗೆ ಬರಲ್ವೇ?

ವೀರಭದ್ರಯ್ಯ: ಬರ್ತಾನಮ್ಮ, ಬರ್ದೇ ಏನು! ಅವನು ಬಂದು ಕೂತ್ರೆ ನಾನೆಲ್ಲಿಗೆ ಹೋಗ್ಲಿ ಅಂತ ಕೇಳ್ತಿದೀನಿ.

ಚಾಮರಾಜಪೇಟೆಯ ಆ ವಠಾರದಲ್ಲಿ ಎಲ್ಲ ಸಂಸಾರಗಳಿಗೂ ಸೇರಿ ಒಂದೇ ಬಚ್ಚಲು. ಹೆಗಲ ಮೇಲೆ ಪಂಚೆ ಹಾಕಿಕೊಂಡು ಹೊರಗೆ ನಿಂತಿದ್ದ ವೀರಭದ್ರಯ್ಯನವರಿಗೆ ಮಾಮೂಲ್‌ಪೇಟೆಯಲ್ಲಿ ಅಂಗಡಿ. ಸ್ನಾನವಾಗಿ ಲಿಂಗಪೂಜೆ ಮುಗಿಯುವವರೆಗೆ ಅವರು ಒಂದು ಗುಟುಕು ಕಾಫಿ ಮುಟ್ಟುವವರಲ್ಲ, ಯಾರನ್ನು ನೋಡಿಯೂ ನಗುವವರಲ್ಲ.

ಒಳಗೆ ಬಕೆಟ್ಟನ್ನು ಬೋರಲು ಹಾಕಿ ಕೂತಿದ್ದವರು ಮಿಷನ್ ಶಾಲೆಯ ಉಪಾಧ್ಯಾಯಿನಿ ಎಸ್ತೇರಮ್ಮ. ಎದ್ದರೆ ಅತ್ತೆಯ ಕಷಾಯ, ಮಕ್ಕಳ ಜಡೆ, ಗಂಡನ ಕೋಟಿನ ಗುಂಡಿ, ರೇಷನ್ ಅಂಗಡಿಯ ಸಾಲು, ಶಾಲೆ; ಭಾನುವಾರವೆಲ್ಲ ಚರ್ಚಿನ ಮಕ್ಕಳಿಗೆ ಹಾಡು ಕಲಿಸುವುದು. ದೇವರ ಕೆಲಸ ಎಷ್ಟಿತ್ತೆಂದರೆ, ದೇವರ ಜೊತೆ ಮಾತಾಡಲು ಪುರಸೊತ್ತೇ ಇರಲಿಲ್ಲ. ಅಂಥವರನ್ನು ಚರ್ಚಿನವರು ಹುಡುಕಿ ಹಿಡಿದು, ದಿನವೂ ದೇವರಿಗೆ ಬಿಡುವು ಮಾಡಿಕೊಳ್ಳುವುದು ಹೇಗೆಂದು ಈ ಮಧ್ಯಾಹ್ನದ ಸ್ತ್ರೀಯರ ಕೂಟದಲ್ಲಿ ಸಾಕ್ಷಿ ಹೇಳಲು ಒಪ್ಪಿಸಿದ್ದರು. ಹೊಗಳಿಕೆಗೆ ಉಬ್ಬಿ ಹೂಂ ಅಂದವರು ಎಸ್ತೇರಮ್ಮನವರೇ. ಸಾಕ್ಷಿಯೆಂದರೆ ತಮ್ಮ ಬಾಳಿನಲ್ಲಿ ನಡೆದದ್ದನ್ನು ಹೇಳಬೇಕು. ಇಲ್ಲಿ ನಡೆದದ್ದೇ ಏನೂ ಇಲ್ಲ! ‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’ ಎಂದು ತಮ್ಮನ್ನು ತಾವೇ ಬೈದುಕೊಂಡು, ಇವತ್ತೊಂದು ದಿನವಾದರೂ ಪ್ರಾರ್ಥಿಸಿ ಹೋಗೋಣವೆಂದು ಬಚ್ಚಲು ಹೊಕ್ಕಿದ್ದರು. ಸುಳ್ಳು ಹೇಳುವ ಧೈರ್ಯ ಅವರಿಗಿರಲಿಲ್ಲ. ನಿಜ ಹೇಳಿ ನಗೆಪಾಟಲಾಗುವ ಧೈರ್ಯ ಅದಕ್ಕಿಂತ ಕಡಿಮೆ.

ವೀರಭದ್ರಯ್ಯ: ಮನೇಲಿ ಮಾಡ್ಬಾರ್ದೇನಮ್ಮ?

ಎಸ್ತೇರಮ್ಮ: ಏಕಾಂತವಾಗಿ ಬಾಗಿಲು ಹಾಕ್ಕೊಂಡು ಮಾಡಿ ಅಂದಿದಾರೆ ನಮ್ಮ ಚರ್ಚಿನ ಅಯ್ಯನೋರು. ನಮ್ಮನೆ ಕೋಣೆಗೆ ಬಾಗಿಲೆಲ್ಲಿದೆ? ಹಳೇ ಸೀರೆ ಪರದೆ. ಚಿಲಕ ಅಂತ ಇರೋದು ಇದೊಂದಕ್ಕೇ.

ವೀರಭದ್ರಯ್ಯ: ನಿಮ್ಮ ಅಯ್ಯನೋರ ಮನೆ ಎಂಥದ್ದು?

ಎಸ್ತೇರಮ್ಮ: ಬಂಗಲೆ.

ವೀರಭದ್ರಯ್ಯ: ಹಾಗನ್ನಿ! ವಠಾರಕ್ಕೆ ಬಂದು ಹೇಳ್ಲಿ ನೋಡೋಣ, ಏಕಾಂತ ಗೀಕಾಂತ ಅಂತ.

ಎಸ್ತೇರಮ್ಮ: ನೀವು ಹೀಗೆ ಮಾತಾಡ್ತಾ ಇದ್ರೆ ನಾನು ಹೇಗೆ ಪ್ರಾರ್ಥನೆ ಮಾಡ್ಲಿ?

ವೀರಭದ್ರಯ್ಯ: ನೀವು ಪ್ರಾರ್ಥನೆ ಮಾಡ್ತಾ ಇದ್ರೆ ನಾನು ಹೇಗೆ ಪೂಜೆ ಮಾಡ್ಲಿ? ನಿಮ್ಮ ದೇವರ ಮಾತು ಮುಗಿಯೋವರ್ಗೂ ನಮ್ಮ ಶಿವ ಕಾಯ್ಕೊಂಡಿರ್ಬೇಕೇ?

ಎಸ್ತೇರಮ್ಮ: ಮಾತು ಮುಗಿಯೋದಿರ್ಲಿ ವೀರಭದ್ರಯ್ಯನೋರೆ, ಶುರುವೇ ಆಗಿಲ್ಲ. ಕಣ್ಣು ಮುಚ್ಚಿದ್ರೆ ಅತ್ತೆ ಕಷಾಯ ಕಾಣುತ್ತೆ.

ವೀರಭದ್ರಯ್ಯ: ಹಾಗಾದ್ರೆ ಈಚೆ ಬಂದು ಅವರಿಗೆ ಕಷಾಯ ಕೊಡಿ ತಾಯಿ. ಪುಣ್ಯ ಬರುತ್ತೆ. ನನಗೆ ಬಚ್ಚಲು ಸಿಗುತ್ತೆ.

ಗಲಾಟೆ ಕೇಳಿ ವೀರಭದ್ರಯ್ಯನವರ ಹೆಂಡತಿ ವಿಶಾಲಾಕ್ಷಮ್ಮ ಕೈಯಲ್ಲಿದ್ದ ಸೌಟಿನ ಸಮೇತ ಓಡಿಬಂದರು.

ವಿಶಾಲಾಕ್ಷಮ್ಮ: ಏನ್ರೀ ಇದು, ಹೆಂಗಸರು ಬಚ್ಚಲಲ್ಲಿದ್ರೆ ಬಾಗಿಲಲ್ಲಿ ನಿಂತು ಹರಟೆ ಹೊಡೀತೀರಾ? ಮಾನ ಮರ್ಯಾದೆ ಬೇಡ್ವೇ?

ವೀರಭದ್ರಯ್ಯ: ಅಯ್ಯೋ, ಅವರೆಲ್ಲಿ ಸ್ನಾನ ಮಾಡ್ತಿದಾರೆ? ಪ್ರಾರ್ಥನೆ ಕಣೇ!

ವಿಶಾಲಾಕ್ಷಮ್ಮ: ಹೌದೇ ಎಸ್ತೇರಮ್ನೋರೆ?

ಎಸ್ತೇರಮ್ಮ: ಮಾಡೋಣ ಅಂತ ಬಂದೆ ವಿಶಾಲಾಕ್ಷಮ್ಮ. ದಿನಾ ಮಾಡ್ತೀನಿ ಅಂತ ಮಧ್ಯಾಹ್ನ ನಾಲ್ಕು ಜನರ ಮುಂದೆ ನಿಂತು ಹೇಳ್ಬೇಕು. ಮಾಡಿ ಎಷ್ಟು ಕಾಲ ಆಯ್ತೋ ನನಗೇ ಮರೆತುಹೋಗಿದೆ. ನಾಚಿಕೆ ಆಗುತ್ತೆ ಕಣ್ರೀ.

ವಿಶಾಲಾಕ್ಷಮ್ಮ: ಅಷ್ಟೇ ತಾನೆ? ಧಾರಾಳವಾಗಿ ಮಾಡಿ. ರೀ, ನೀವು ಜಗಲಿಗೆ ನಡೀರಿ.

ವೀರಭದ್ರಯ್ಯ: ಮತ್ತೆ ನನ್ನ ಪೂಜೆ?

ವಿಶಾಲಾಕ್ಷಮ್ಮ: ನಿಮ್ಮ ಲಿಂಗ ಕೊರಳಲ್ಲೇ ಇದೆ, ಎಲ್ಲೂ ಓಡಿಹೋಗಲ್ಲ. ಅವರ ಬಿಡುವು ಓಡಿಹೋಗುತ್ತೆ.

ವೀರಭದ್ರಯ್ಯ ಗೊಣಗುತ್ತ ಜಗಲಿ ಸೇರಿದರು. ವಿಶಾಲಾಕ್ಷಮ್ಮ ವಠಾರದ ಮನೆಮನೆಗೂ ಒಂದು ಸುತ್ತು ಹೋಗಿ, ಯಾರೂ ಸದ್ದು ಮಾಡಕೂಡದೆಂದು ಸಾರಿ ಬಂದು, ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಸೌಟು ಕಂಡು ಮಕ್ಕಳೂ ಬಾಯಿ ಮುಚ್ಚಿಕೊಂಡವು.

ಎಸ್ತೇರಮ್ಮ ಬಾಗಿಲಿಗೆ ಕಿವಿಗೊಟ್ಟರು; ಒಂದು ಸದ್ದೂ ಇಲ್ಲ. ಇಷ್ಟು ದಿನ ತಪ್ಪು ಹೊರಿಸಲು ಯಾರಾದರೂ ಸಿಗುತ್ತಿದ್ದರು, ಈಗ ನೆಪಕ್ಕೂ ಒಬ್ಬರಿಲ್ಲ. ಪುರಸೊತ್ತು ಸಿಕ್ಕಿತು, ಮಾತು ಸಿಕ್ಕಲಿಲ್ಲ. ಗಟ್ಟಿಯಾಗಿ ಕಣ್ಣು ಮುಚ್ಚಿ, ಕೈ ಜೋಡಿಸಿ, ಬಾಯಿಗೆ ಬಂದದ್ದನ್ನು ಹೇಳಿಯೇ ಬಿಟ್ಟರು.

ಎಸ್ತೇರಮ್ಮ: ಕರ್ತನೇ… ಪರಲೋಕದಲ್ಲಿರೋ ತಂದೆಯೇ… ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದೀನಲ್ಲಪ್ಪಾ! ಉಕ್ಕಿ ಹೋಗದ ಹಾಗೆ ನೀನೇ ನೋಡ್ಕೋ!

ವಿಶಾಲಾಕ್ಷಮ್ಮ: (ಹೊರಗಿನಿಂದ, ಮೆಲ್ಲಗೆ) ಆಗ್ಲೇ ಇಳಿಸಿ ಬಂದೆ. ಮುಂದಿನದು ಕೇಳ್ಕೊಳ್ಳಿ.

ಎಸ್ತೇರಮ್ಮನವರಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಹುಟ್ಟಿದಾಗಿನಿಂದ ಮಾಡಿದ ಯಾವ ಪ್ರಾರ್ಥನೆಗೂ ಇಷ್ಟು ಬೇಗ ಉತ್ತರ ಬಂದಿರಲಿಲ್ಲ. ಮಧ್ಯಾಹ್ನ ಯಾರು ನಕ್ಕರೂ ನಗಲಿ, ಹೇಳುವುದಾದರೆ ಇದನ್ನೇ ಹೇಳುತ್ತೇನೆ ಎಂದುಕೊಂಡರು.

ವೀರಭದ್ರಯ್ಯ: (ಜಗಲಿಯಿಂದ, ಗಟ್ಟಿಯಾಗಿ) ಟೀಚರಮ್ಮಾ, ನಿಮ್ಮ ಅರ್ಜಿಗಳು ಬೇಗ ಮಂಜೂರಾಗ್ತಿರೋ ಹಾಗಿದೆ. ಹಾಗೇ ನನ್ನ ಸ್ನಾನಕ್ಕೂ ಒಂದು ಹಾಕ್ಬಿಡಿ!