ಹಲ್ಲು ನೋಡುವವನ ಬಾಯಿ

ಬೇಸಿಗೆ ಮುಗಿಯುತ್ತ ಬಂದಿತ್ತು. ಉಳುಮೆಗೆ ಎತ್ತು ಬೇಕಾದವರು ಹೊತ್ತು ಮೂಡುವ ಮೊದಲೇ ದನದ ದಲ್ಲಾಳಿಯ ಕೊಟ್ಟಿಗೆಯ ಮುಂದೆ ನಿಂತಿರುತ್ತಿದ್ದರು. ಅಂದೂ ದಲ್ಲಾಳಿ ಒಂದು ಹೋರಿಯ ಬಾಯಿಯ ಅಂಚಿಗೆ ಹೆಬ್ಬೆರಳು ತೂರಿಸಿ, ದವಡೆ ಅಗಲಿಸಿ, ನಾಲ್ಕೇ ಹಲ್ಲು, ಇನ್ನೂ ಎಳೆಯದು ಎಂದು ಗಿರಾಕಿಗೆ ತೋರಿಸುತ್ತಿದ್ದ. ಅಷ್ಟರಲ್ಲಿ ಹೆಂಡತಿ ಮಕ್ಕಳಿಬ್ಬರಿಗೂ ತಲೆ ಬಾಚಿ ತಂದು ನಿಲ್ಲಿಸಿದಳು.

ಆರು ವರ್ಷದ ಮಗಳ ಕೆಳಗಿನ ಹಾಲುಹಲ್ಲು ಅಲ್ಲಾಡುತ್ತಿತ್ತು, ಬೀಳುತ್ತಿರಲಿಲ್ಲ. ಹಿಂದೆ ಹೊಸ ಹಲ್ಲು ಜಾಗ ಸಿಗದೆ ಇಣುಕುತ್ತಿತ್ತು. ಅಂದು ಅವಳನ್ನು ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಅಪ್ಪನೇ ಕರೆದೊಯ್ಯಬೇಕಿತ್ತು. ನಾಲ್ಕು ವರ್ಷದ ಮಗನಿಗೆ ಏನೂ ಆಗಿರಲಿಲ್ಲ. ಅಕ್ಕನ ಜೊತೆ ಕಳಿಸದಿದ್ದರೆ ಅವನು ಮನೆ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದ, ಅಷ್ಟೆ.

"ಮೊದಲನೇ ಸಲ ಹೆದರಿದ್ರೆ ಜನ್ಮಪೂರ್ತಿ ಬಾಯಿ ತೆಗೆಯಲ್ಲ, ನಿಮ್ಮ ಹಾಗೆ," ಎಂದಳು ಹೆಂಡತಿ. ಸೂಜಿ, ನೋವು, ಕೀಳುವುದು ಎಂಬ ಮಾತೇ ಮಕ್ಕಳ ಕಿವಿಗೆ ಬೀಳಕೂಡದೆಂದು ಅವನನ್ನು ಪಕ್ಕಕ್ಕೆ ಕರೆದು ತಾಕೀತು ಮಾಡಿದಳು.

ಹಲ್ಲಿನ ಡಾಕ್ಟರೆಂದರೆ ದಲ್ಲಾಳಿಗೇ ಹೆದರಿಕೆ. ಚಿಕ್ಕಂದಿನಲ್ಲಿ ಸೋದರಮಾವ ಅವನ ಹಲ್ಲಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಕರುವಿನ ಕಾಲಿಗೆ ಬಿಗಿದು, ಕರುವಿನ ಬಾಲ ತಿರುಚಿದ್ದ. ಅಂದಿನಿಂದ, ಸೀಮೆಯ ದನಗಳ ಬಾಯನ್ನೆಲ್ಲ ನೋಡಿದ ಮನುಷ್ಯ ತನ್ನ ಬಾಯನ್ನು ಯಾರಿಗೂ ತೋರಿಸಿರಲಿಲ್ಲ.

ಬಸ್ಸು ನಿಲ್ಲುವ ಜಾಗದವರೆಗೂ ದಾರಿಯುದ್ದಕ್ಕೂ ಬಾಯಿ ಸುಮ್ಮನಿರದ ಜನ. ಮೊದಲೇ ಎಚ್ಚರಿಸುವುದು ಒಳ್ಳೆಯದೆಂದು ಅವನಿಗೆ ತೋಚಿತು. ತನ್ನ ಪಾಡಿಗೆ ಹೊಲಿಯುತ್ತಿದ್ದ ದರ್ಜಿಯನ್ನು ಕೂಗಿ, ಮಕ್ಕಳ ಮುಂದೆ ಸೂಜಿ ಅಂತ ಮಾತ್ರ ಅನ್ನಬೇಡ ಎಂದ. ದರ್ಜಿ ತಲೆ ಎತ್ತಿ, "ಯಾವ ಸೂಜಿ ಅಣ್ಣ?" ಎಂದ. ಮೂಲೆಮನೆಯ ಅಜ್ಜಿಗೆ ಕಿವಿ ಮಂದ. ನೋವು ಅನ್ನಬೇಡಿ, ಕೀಳ್ತಾರೆ ಅನ್ನಬೇಡಿ ಎಂದು ಬೀದಿಗೆಲ್ಲ ಕೇಳುವಂತೆ ಮತ್ತೆ ಮತ್ತೆ ಕೂಗಬೇಕಾಯಿತು.

"ಅಪ್ಪ, ಏನು ಕೀಳ್ತಾರೆ?" ಎಂದಳು ಮಗಳು.

"ಏನೂ ಇಲ್ಲಮ್ಮ. ಇರುವೆ ಕಚ್ಚಿದ ಹಾಗೆ ಅಷ್ಟೆ. ಹತ್ತು ಎಣಿಸೋದರೊಳಗೆ ಮುಗಿದೇಹೋಗುತ್ತೆ. ಅಳದೇ ಇದ್ದವರಿಗೆ ನಮ್ಮ ಎತ್ತಿನ ಕೊರಳ ಗಂಟೆ ಕೊಡ್ತೀನಿ."

ಆ ಗಂಟೆಯ ಮೇಲೆ ಮಕ್ಕಳಿಬ್ಬರಿಗೂ ಬಹಳ ದಿನದಿಂದ ಕಣ್ಣಿತ್ತು. ಬಸ್ಸಿನಲ್ಲಿ ಅವರು ಅದರ ಮಾತೇ ಆಡಿದರು. ಬೆವರು ಒರೆಸಿಕೊಂಡವನು ದಲ್ಲಾಳಿ ಒಬ್ಬನೇ.

ಹಲ್ಲಿನ ಡಾಕ್ಟರಮ್ಮ ಕುರ್ಚಿಯನ್ನು ಮೇಲೆತ್ತಿದಾಗ ಮಗಳು ನಕ್ಕಳು. ಬಾಯಿ ತೆಗಿ ಪುಟ್ಟಿ ಅಂದಾಗ ಅರ್ಧ ತೆಗೆದು, ಮೇಲಿನ ದೀಪವನ್ನು ನೋಡುತ್ತ ಹಾಗೇ ಉಳಿದಳು. ಮಗು ಹೆದರಿತು, ಇನ್ನು ಜನ್ಮಪೂರ್ತಿ ತೆಗೆಯುವುದಿಲ್ಲ ಎಂದು ದಲ್ಲಾಳಿಗೆ ಅನ್ನಿಸಿತು. ಕೈ ತನ್ನಷ್ಟಕ್ಕೆ ಕೆಲಸಕ್ಕೆ ಇಳಿಯಿತು. ಎಡಗೈಯಲ್ಲಿ ತಲೆ ಹಿಡಿದು, ಬಲಗೈಯ ಹೆಬ್ಬೆರಳನ್ನು ಮಗಳ ಬಾಯಿಯ ಅಂಚಿಗೆ ತೂರಿಸಿದ. ದನದ ಬಾಯಲ್ಲಿ ಆ ಜಾಗದಲ್ಲಿ ಹಲ್ಲಿರುವುದಿಲ್ಲ. ಮಗಳ ಬಾಯಲ್ಲಿತ್ತು.

ಅವಳು ಕಚ್ಚಿದಳು. ಅವನು ಬೆರಳು ಎಳೆದುಕೊಂಡ ರಭಸಕ್ಕೆ ಹಾಲುಹಲ್ಲು ಕಿತ್ತು ಬಂದು ಪಕ್ಕದ ಸ್ಟೀಲಿನ ತಟ್ಟೆಯಲ್ಲಿ ಟಣ್ ಎಂದಿತು. ಮಗಳು ಖಾಲಿ ಜಾಗಕ್ಕೆ ನಾಲಿಗೆ ಹಾಕಿ ನೋಡಿ, ಬಿತ್ತು ಎಂದು ತಮ್ಮನಿಗೆ ತೋರಿಸಿದಳು.

"ನನ್ನ ಕೆಲಸ ನೀವೇ ಮಾಡಿದ್ರಿ. ಈಗ ನಿಮ್ಮದು ನೋಡೋಣ," ಎಂದರು ಡಾಕ್ಟರಮ್ಮ. ಬೆರಳಿನಿಂದ ರಕ್ತ ಇಳಿಯುತ್ತಿತ್ತು. ಒಂದು ಇಂಜೆಕ್ಷನ್ ಬೇಕೆಂದರು.

ದಲ್ಲಾಳಿ ಬಾಗಿಲ ಕಡೆ ನೋಡಿದ. ಮಕ್ಕಳು ಅವನನ್ನು ಕುರ್ಚಿಗೆ ಕೂರಿಸಿ ಅಕ್ಕಪಕ್ಕ ನಿಂತರು. "ಇರುವೆ ಕಚ್ಚಿದ ಹಾಗೆ ಅಷ್ಟೆ ಅಪ್ಪ," ಎಂದು ಮಗಳು ಕೈ ಸವರಿದಳು. ಮಗ ಒಂದು, ಎರಡು, ಐದು ಎಂದು ಎಣಿಸತೊಡಗಿದ. ಸೂಜಿ ಒಳಗಿಳಿದಾಗ ದಲ್ಲಾಳಿ, ಅಷ್ಟು ವರ್ಷ ಮುಚ್ಚಿಟ್ಟ ಬಾಯನ್ನು ದೀಪದ ಕೆಳಗೆ ಪೂರಾ ತೆರೆದು ಕೂಗಿದ.

ಡಾಕ್ಟರಮ್ಮ ಮೆಲ್ಲಗೆ ದೀಪವನ್ನು ಹತ್ತಿರ ಎಳೆದರು. "ಹಾಗೇ ಇರಿ. ಎರಡು ದವಡೆ ಹಲ್ಲು ಪೂರ್ತಿ ಹುಳುಕು. ಮಂಗಳವಾರ ಬನ್ನಿ, ಕೀಳೋಣ." ಆಮೇಲೆ ಅವನನ್ನು ಬಿಟ್ಟು ಮಕ್ಕಳ ಕಡೆ ತಿರುಗಿ, ಕರೆದುಕೊಂಡು ಬರುತ್ತೀರಾ ಎಂದು ಕೇಳಿದರು. ಇಬ್ಬರೂ ತಲೆಯಾಡಿಸಿದರು.

ಸಂಜೆ ಅವನು ಕಟ್ಟು ಹಾಕಿದ ಕೈಯಲ್ಲೇ ಎತ್ತಿನ ಕೊರಳಿನಿಂದ ಗಂಟೆ ಬಿಚ್ಚಿದ. ಅಳದವರು ಇಬ್ಬರು, ಗಂಟೆ ಒಂದೇ. ಯಾರಿಗೆ ಕೊಡಲಿ ಎಂದು ಜಗಲಿಯಲ್ಲಿ ಕೂತು ಅಳುಕುತ್ತಲೇ ಕೇಳಿದ. ಮಕ್ಕಳು ವಾಪಸು ಬರುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದರು. ಮಗ ಅವನ ತಲೆ ಬಗ್ಗಿಸಿ ಹಿಡಿದ, ಮಗಳು ಗಂಟೆಯನ್ನು ಅಪ್ಪನ ಕೊರಳಿಗೇ ಕಟ್ಟಿದಳು.

"ಮಂಗಳವಾರದ ತನಕ," ಎಂದಳು, ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ಬಿಡುತ್ತ.

ಕತ್ತಲಾಗುತ್ತಿದ್ದಂತೆ ದಲ್ಲಾಳಿ ಮೆಲ್ಲಗೆ ಎದ್ದು ಒಂದು ಹೆಜ್ಜೆ ಇಟ್ಟ. ಗಂಟೆ ಸದ್ದಾಯಿತು.

"ಎಲ್ಲಿಗೆ?" ಎಂದಳು ಒಳಗಿನಿಂದ ಹೆಂಡತಿ.