ಬಿಲ್ಲೇರುವ ಕುರುಮಯ್ಯನ ಜೀವಮಾನದ ಗಳಿಕೆ

ನಾರಾಯಣಪೇಟೆ ಜಿಲ್ಲೆಯಲ್ಲಿ ವಿಮಾನವಿಲ್ಲ, ವಿಮಾನ ಇಳಿಯುವ ಜಾಗವಿಲ್ಲ, ಬೆನ್ನಿಗೆ ಬಟ್ಟೆಯ ಛತ್ರಿ ಕಟ್ಟಿಕೊಂಡು ಮೋಡದಿಂದ ಹಾರಿದವರನ್ನು ಕಣ್ಣಾರೆ ಕಂಡವರೂ ಇಲ್ಲ. ಆದರೂ ಜಿಲ್ಲೆ ಹುಟ್ಟಿದ ಎರಡನೇ ವರ್ಷ, ಸರಕಾರಿ ದಾಖಲೆಯ ಪ್ರಕಾರ, ಅಲ್ಲಿ ಮೋಜಿಗಾಗಿ ಆಕಾಶದಿಂದ ಜಿಗಿಯುವ ಒಬ್ಬ ಮನುಷ್ಯ ಇದ್ದ. ಹೆಸರು ಕುರುಮಯ್ಯ. ವಯಸ್ಸು ಅರವತ್ತೊಂದು. ಊರು ಬಿಳಿಗುಂಡು, ಉಟ್ಕೂರಿನಿಂದ ಷೇರ್ ಆಟೋದಲ್ಲಿ ಅರ್ಧ ಗಂಟೆ. ಆಸ್ತಿ ಹದಿನಾಲ್ಕು ಕುರಿ, ಒಂದು ಕಂಬಳಿ, ಎರಡು ನೋಯುವ ಮೊಣಕಾಲು. ಜೀವಮಾನದ ಗಳಿಕೆ ನಾಲ್ಕು ಕೋಟಿ ಮೂವತ್ತು ಲಕ್ಷ ರೂಪಾಯಿ.

ಇದೆಲ್ಲ ನಿಯಮದ ಪ್ರಕಾರವೇ ಆಯಿತು. ನಿಯಮ ಮೀರಿ ಏನಾದರೂ ಆಗಿದ್ದರೆ ಬಡವನಿಗೆ ಅಷ್ಟು ಹಣ ಎಲ್ಲಿಂದ ಬರಬೇಕು?

ಕುರುಮಯ್ಯನಿಗೆ ಬೇಕಾಗಿದ್ದುದು ಕೋಟಿಯಲ್ಲ. ತಿಂಗಳಿಗೆ ಎರಡು ಸಾವಿರದ ಹದಿನಾರು ರೂಪಾಯಿಯ ವೃದ್ಧಾಪ್ಯ ಪಿಂಚಣಿ. ಅದರಲ್ಲಿ ಹೆಂಡತಿ ಪೆಂಟಮ್ಮನ ಬಿಪಿ ಗುಳಿಗೆ, ತನ್ನ ಮೊಣಕಾಲಿನ ಮುಲಾಮು, ಎರಡು ಕಟ್ಟು ಬೀಡಿ, ಉಳಿದದ್ದರಲ್ಲಿ ಜೋಳ. ಇಷ್ಟಾದರೆ ಉಳಿದ ಹದಿನಾಲ್ಕು ಕುರಿ ಮಾರದೆ ಕಾಲ ಹಾಕಬಹುದು ಎಂದು ಗಂಡ ಹೆಂಡತಿ ಎಣಿಸಿದ್ದರು. ದರಖಾಸ್ತು ಕೊಟ್ಟು ಬಂದಿದ್ದ. ಆಗಲೇ ಹೈದರಾಬಾದಿನ ಜೀವನಗಳಿಕೆ ಅಂದಾಜು ವಿಭಾಗದಿಂದ ಸುತ್ತೋಲೆ ಹೊರಟಿತು.

ಯಾವ ಯಾವ ಬಗೆಯ ಪ್ರಜೆ ದುಡಿಯುವ ವಯಸ್ಸಿನಲ್ಲಿ ಒಟ್ಟು ಎಷ್ಟು ಗಳಿಸುತ್ತಾನೆ ಎಂಬುದನ್ನು ಆ ವಿಭಾಗ ಲೆಕ್ಕ ಹಾಕುತ್ತಿತ್ತು. ಮನುಷ್ಯ ಸತ್ತರೆ ಸರಕಾರಕ್ಕೆ ಎಷ್ಟು ನಷ್ಟ ಎಂದು ಮೊದಲೇ ತಿಳಿದಿದ್ದರೆ, ಎಷ್ಟು ದುಃಖಪಡಬೇಕೆಂದು ನಿರ್ಧರಿಸಲು ಅನುಕೂಲ. ಕುರಿ ಕಾಯುವವರು, ನೇಯುವವರು, ಬಸ್ಸು ಓಡಿಸುವವರು ಮುಗಿದು ನಲವತ್ತೊಂದನೇ ಬಾಬ್ತು ಬಂದಿತ್ತು: ವಿನೋದಕ್ಕಾಗಿ ಆಕಾಶದಿಂದ ಜಿಗಿಯುವವರು. ಕೆಳಗೆ ಷರಾ: "ಯಾವ ಜಿಲ್ಲೆಯೂ ಸೊನ್ನೆ ಎಂದು ಬರೆಯತಕ್ಕದ್ದಲ್ಲ. ಸೊನ್ನೆ ಮಾಹಿತಿಯಲ್ಲ, ಸೋಮಾರಿತನ. ಸಿಕ್ಕ ಪ್ರತಿ ಜಿಗಿಯುವವನಿಗೆ ಕಚೇರಿಗೆ ಹನ್ನೆರಡು ಸಾವಿರ ರೂಪಾಯಿ ಹುಡುಕಾಟದ ಭತ್ಯೆ ನೀಡಲಾಗುವುದು."

ಮೊದಲಾದರೆ ಇಂಥದ್ದನ್ನು ದೊಡ್ಡ ಜಿಲ್ಲೆಯ ಯಾವುದೋ ಮೂಲೆಗೆ ತಳ್ಳಿ ಕೈತೊಳೆದುಕೊಳ್ಳಬಹುದಿತ್ತು. ತೆಲಂಗಾಣ ಬಂತು, ಜಿಲ್ಲೆಗಳು ಚಿಕ್ಕವಾದವು, ಸುತ್ತೋಲೆಗಳು ಚಿಕ್ಕವಾಗಲಿಲ್ಲ.

ನಾರಾಯಣಪೇಟೆಯ ಅಂದಾಜು ಅಧಿಕಾರಿ ಸಾಯಿನಾಥ ನೇಕಾರರ ಮನೆಯ ಹುಡುಗ. ಒಂದು ಎಳೆ ತಪ್ಪಿದರೆ ಸೀರೆಯನ್ನೇ ಬಿಚ್ಚಿ ಕಟ್ಟುವ ತಾಯಿಯ ಮಗ. ಸುಳ್ಳು ಬರೆಯಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಗದ್ವಾಲದ ಅಂದಾಜು ಕಚೇರಿ ಆಗಲೇ ಹದಿನೇಳು ಮಂದಿಯನ್ನು ಕಳಿಸಿಬಿಟ್ಟಿತ್ತು. ಅವನು ಫೋನು ಮಾಡಿದ.

"ಹದಿನೇಳು ಮಂದಿ ಎಲ್ಲಿ ಸಿಕ್ಕರ್ರೀ ನಿಮಗ?"

"ಬೇಸಿಗ್ಯಾಗ ಬಾವಿಗೆ ಜಿಗೀತಾರಲ್ರೀ, ಅವರಽ."

"ಅವು ಐದನೇ ಕ್ಲಾಸಿನ ಹುಡುಗರಲ್ರೀ! ಅವರೇನು ಗಳಿಸ್ಯಾರ?"

"ಗಳಿಕಿ ಇನ್ನಾ ಮುಂದೈತಿ ಅಂತ ಬರದೀವಿ. ನೀವೂ ಹುಡುಕ್ರಿ, ಹುಡುಕಿದ್ರ ಸಿಗತಾರ."

ಸಾಯಿನಾಥ ಹುಡುಕಿದ. ಮಕ್ತಲ್‌ನಲ್ಲಿ ಮೂರು ದಿನ ತಿರುಗಿದ. ಆಕಾಶದಿಂದ ಜಿಗಿದಿದ್ದೀರಾ ಎಂದು ಕೇಳಿದ ಕಡೆಯೆಲ್ಲ ಜನ ಅವನಿಗೆ ನೀರು ಕೊಟ್ಟು ನೆರಳಿಗೆ ಕೂರಿಸಿದರು. ನಾಲ್ಕನೇ ದಿನ ಬಿಳಿಗುಂಡಿಗೆ ಬಂದಾಗ ಅಲ್ಲಿ ಮೈಲಾರನ ಮಾತಿನ ದಿನ.

ಬಿಳಿಗುಂಡಿನ ಕುರುಬರಲ್ಲಿ ಒಂದು ಪದ್ಧತಿ ಉಂಟು. ವರ್ಷಕ್ಕೊಮ್ಮೆ ಗೊರವಯ್ಯ ಹನ್ನೆರಡು ಮೊಳದ ಎಣ್ಣೆ ಸವರಿದ ಮರದ ಬಿಲ್ಲು ಏರುತ್ತಾನೆ. ತುದಿಯಲ್ಲಿ ನಿಂತು ಮಳೆಬೆಳೆಯ ಬಗ್ಗೆ ಒಂದೇ ಒಂದು ಮಾತು ಹೇಳಿ ಎರಡೂ ಕೈ ಬಿಟ್ಟುಬಿಡುತ್ತಾನೆ. ಕೆಳಗೆ ಹತ್ತು ಮಂದಿ ಕಂಬಳಿ ಹಿಡಿದು ನಿಂತಿರುತ್ತಾರೆ. ಮೂವತ್ತೊಂದು ವರ್ಷದಿಂದ ಆ ಗೊರವಯ್ಯ ಕುರುಮಯ್ಯನೇ. ಆ ದಿನವೂ ಏರಿದ, "ಎರಿ ನಗತೈತಿ, ಮಸಬು ಕಾಯತೈತಿ" ಎಂದು ಕಪ್ಪು ನೆಲಕ್ಕೂ ಕೆಂಪು ನೆಲಕ್ಕೂ ಒಂದೇ ಮಾತಿನಲ್ಲಿ ಭವಿಷ್ಯ ಹೇಳಿದ, ಬಿದ್ದ. ಕಂಬಳಿಯಿಂದ ಎದ್ದು ಮೊಣಕಾಲು ತಿಕ್ಕಿಕೊಳ್ಳುವಾಗ ಎದುರಿಗೆ ಫಾರಂ ಹಿಡಿದ ಸಾಯಿನಾಥ.

"ತಾತಾ, ನೀವು ಬಿದ್ರೋ, ಜಿಗಿದ್ರೋ?"

"ದೇವರು ಬಿಡು ಅಂತಾನ, ಬಿಡತೀನಿ ಸಾಬ್."

"ಯಾರೂ ನೂಕಲಿಲ್ಲ. ಅಂದ್ರ ಸ್ವಂತ ಇಚ್ಛೆ," ಎಂದು ಸಾಯಿನಾಥ ಬರೆದುಕೊಂಡ. "ಇದಕ್ಕ ಪಗಾರ ಎಷ್ಟು ಕೊಡ್ತಾರ?"

"ರೊಕ್ಕ ಮುಟ್ಟಿದ್ರ ಮಾತು ಸುಳ್ಳಾಗತೈತಿ. ಅರ್ಧ ತೆಂಗಿನಕಾಯಿ, ಸೇರು ಜೋಳ, ಅಷ್ಟಽ."

"ಅಂದ್ರ ಮೋಜಿಗೆ."

"ಮೋಜಿಗಲ್ಲ ಸಾಬ್! ಮೈಲಾರಲಿಂಗಂದು."

"ತಾತಾ, ಫಾರಂದಾಗ ಎರಡೇ ಖಾನೆ ಅದಾವ. ಒಂದು ಪಗಾರಕ್ಕ, ಒಂದು ಮೋಜಿಗೆ. ಮೈಲಾರಲಿಂಗಗ ಖಾನೆ ಕೊಟ್ಟಿಲ್ಲ."

ಕಂಬಳಿ ಮಡಚುತ್ತಿದ್ದ ಪಕ್ಕದ ಮನೆಯ ಬೀರಯ್ಯ ನಕ್ಕ. "ಬರಕೊಳ್ರಿ ಸಾಬ್. ಹೆಂಡತಿ ಕೈಯಿಂದ ಅರ್ಧ ತಾಸು ಮ್ಯಾಲಿರತಾನ, ಅದಕಿಂತ ಮೋಜು ಏನೈತಿ?"

ಹನ್ನೆರಡು ಮೊಳ ಎತ್ತರವನ್ನು ಆಕಾಶ ಎನ್ನಬಹುದೇ ಎಂಬ ಒಂದು ಸಂಶಯ ಉಳಿಯಿತು. ಸಾಯಿನಾಥ ಪ್ರಾಮಾಣಿಕ, ಮೇಲಿನವರಿಗೆ ಬರೆದು ಕೇಳಿದ. ನಾಲ್ಕೇ ದಿನದಲ್ಲಿ ಜವಾಬು ಬಂತು. "ಆಕಾಶ ಎಲ್ಲಿಂದ ಆರಂಭವಾಗುತ್ತದೆ ಎಂಬ ಬಗ್ಗೆ ಈ ವಿಭಾಗದಲ್ಲಿ ಕಡತವಿಲ್ಲ. ಆದರೆ ಭೂಮಿಯ ಬಗ್ಗೆ ಪಹಣಿ ಇದೆ. ಪಹಣಿಯಲ್ಲಿ ಉದ್ದ ಅಗಲ ಮಾತ್ರ ಇದ್ದು ಎತ್ತರ ಇಲ್ಲದಿರುವುದರಿಂದ, ಕಾಲು ನೆಲ ಬಿಟ್ಟ ಕೂಡಲೇ ಆಕಾಶವೆಂದು ತಿಳಿಯತಕ್ಕದ್ದು. ಬಟ್ಟೆ ಬೆನ್ನ ಮೇಲಿರದೆ ಕೆಳಗಿದ್ದರೂ ಬಟ್ಟೆಯೇ."

ಗಳಿಕೆಯ ಜಾಗದಲ್ಲಿ ಸಾಯಿನಾಥ ಇದ್ದದ್ದನ್ನೇ ಹಾಕಿದ: ವರ್ಷಕ್ಕೆ ಮೂವತ್ತೆಂಟು ಸಾವಿರ. ಕಂಪ್ಯೂಟರು ಕೆಂಪಾಯಿತು. "ಈ ವರ್ಗದವರು ಇಷ್ಟು ಕಡಿಮೆ ಗಳಿಸಲು ಸಾಧ್ಯವಿಲ್ಲ. ಪರಿಶೀಲಿಸಿ." ಪರಿಶೀಲಿಸಿ ಅದನ್ನೇ ಹಾಕಿದ. ಮತ್ತೆ ಕೆಂಪು. ರಾಜಧಾನಿಯ ತಜ್ಞರು ಮೊದಲೇ ಅಧ್ಯಯನ ಮಾಡಿ, ಮೋಜಿಗೆ ಆಕಾಶದಿಂದ ಜಿಗಿಯುವವರು ಡಾಕ್ಟರು, ಗುತ್ತಿಗೆದಾರ, ಸೈಟು ಮಾರುವವರೇ ಆಗಿರುತ್ತಾರೆ, ಸರಾಸರಿ ಒಬ್ಬೊಬ್ಬನ ಜೀವಮಾನದ ಗಳಿಕೆ ನಾಲ್ಕು ಕೋಟಿ ಮೂವತ್ತು ಲಕ್ಷ ಎಂದು ಕಂಡುಹಿಡಿದಿದ್ದರು. ಮೂರನೇ ಸಲಕ್ಕೆ ಯಂತ್ರ ಬೇಸತ್ತು ಆ ಅಂಕಿಯನ್ನು ತಾನೇ ತುಂಬಿಕೊಂಡು ಹಸಿರಾಯಿತು. ಕುರುಮಯ್ಯ ಹೆಬ್ಬೆಟ್ಟು ಒತ್ತಿದ. ಪಿಂಚಣಿಯ ಕಾಗದ ಇರಬೇಕು ಅಂದುಕೊಂಡಿದ್ದ.

ತಿಂಗಳೊಳಗೆ ಪಿಂಚಣಿ ತಿರಸ್ಕೃತವಾಯಿತು. ಪಿಂಚಣಿ ಮೇಜಿನ ಅನುರಾಧಾ ಮೇಡಂ ಕೆಟ್ಟ ಹೆಂಗಸಲ್ಲ. ಕುರುಮಯ್ಯನಿಗೆ ಕುರ್ಚಿ ಹಾಕಿಸಿದಳು. ಆ ಕಚೇರಿಯಲ್ಲಿ ಕುರಿಯವನಿಗೆ ಕುರ್ಚಿ ಬಿದ್ದದ್ದು ಅದೇ ಮೊದಲು. ನಾಲ್ಕು ಕೋಟಿಯವರನ್ನು ನಿಲ್ಲಿಸಿ ಮಾತಾಡಬಾರದು ಎಂದು ಅವಳಿಗೆ ಗೊತ್ತಿತ್ತು.

"ತಾತಾ, ನಿಮ್ಮ ಗಳಿಕಿ ಬಾಳ ಐತಿ. ಪಿಂಚಣಿ ಬಡವರಿಗೆ ರೀ."

"ಆ ರೊಕ್ಕ ಎಲ್ಲೈತಿ ಬಾಯೀ? ತೋರಸ್ರಿ, ನಾನೂ ಒಮ್ಮಿ ನೋಡತೀನಿ."

"ಗಳಿಸಿದ್ದು ನಮ್ಮ ದಾಖಲೆದಾಗ ಐತಿ. ಎಲ್ಲಿಟ್ಟೀರಿ ಅನ್ನೋದು ನಿಮ್ಮ ಮನಿ ವಿಷಯ."

"ನಾ ಬಿಲ್ಲು ಏರೋದು ಬಿಟ್ಟರ?"

ಅನುರಾಧಾ ನಿಯಮದ ಪುಸ್ತಕ ತೆಗೆದು ನಿಜವಾಗಿಯೂ ಹುಡುಕಿದಳು. ಹಾಳೆಯ ಮೇಲೆ ಬೆರಳಿಟ್ಟು ಬೇಸರದಿಂದಲೇ ಓದಿದಳು. "ಜಿಗಿಯುತ್ತಾ ಇದ್ರ ನೀವು ಇನ್ನಾ ದುಡಿಯೋ ವಯಸ್ಸಿನವರು, ಮುದುಕರಲ್ಲ. ಜಿಗಿಯೋದು ಬಿಟ್ರ ನಾಲ್ಕು ಕೋಟಿ ಗಳಿಸಿ ನಿವೃತ್ತಿ ಆದವರು, ಬಡವರಲ್ಲ. ಎರಡೂ ಕಡಿ ಬಾಗಿಲು ಹಾಕೈತಿ ತಾತಾ."

"ಬಿಡಂಗೂ ಇಲ್ಲ ಬಿಡ್ರಿ," ಎಂದ ಕುರುಮಯ್ಯ. "ನಾ ಬಿದ್ದು ಹೇಳಲಿಲ್ಲ ಅಂದ್ರ ಊರು ಬಿತ್ತಾಕ ಯಾವ ಧೈರ್ಯದಿಂದ ಹೋಗತೈತಿ?"

ಊರಿಗೆ ಸುದ್ದಿ ಅವನಿಗಿಂತ ಮೊದಲು ಮುಟ್ಟಿತ್ತು. ಬೀರಯ್ಯ ಎದುರಿಗೆ ಬಂದು ರುಮಾಲು ತೆಗೆದ. "ಬರ್ರಿ ಕೋಟಿ ಸಾಹುಕಾರ್ರ, ಈ ಬಡವಗ ಒಂದು ಬೀಡಿ ಇದ್ರ ಕೊಡ್ರಿ." ಕುರುಮಯ್ಯ ಬೀಡಿ ಕೊಟ್ಟ. ಅದು ಕೊನೆಯದು. ಮರುದಿನ ಒಂದು ಖಾಸಗಿ ಬ್ಯಾಂಕಿನವನು ಮೋಟಾರು ಸೈಕಲ್ಲಿನಲ್ಲಿ ಬಂದು, ಇಷ್ಟು ದೊಡ್ಡ ಮೊತ್ತವನ್ನು ಮನೆಯಲ್ಲಿಟ್ಟುಕೊಳ್ಳುವುದು ಕ್ಷೇಮವಲ್ಲ ಎಂದು ಬುದ್ಧಿ ಹೇಳಿ, ಕುರಿ ರೊಪ್ಪದೊಳಗೆ ಇಣುಕಿ ನೋಡಿ ಹೋದ. ಪೆಂಟಮ್ಮನ ಗುಳಿಗೆ ಅಂದಿಗೆ ಮುಗಿದಿತ್ತು. ಒಂದು ಕುರಿ ಸಂತೆಗೆ ಹೋಯಿತು. ಉಳಿದವು ಹದಿಮೂರು.

ಕುರಿ ಹೋದ ರಾತ್ರಿ ಪೆಂಟಮ್ಮ ಉಳಿದವನ್ನು ಎರಡು ಸಲ ಎಣಿಸಿದಳು. ಬೆಳಿಗ್ಗೆ ಎದ್ದು ಒಳ್ಳೆಯ ಸೀರೆ ಉಟ್ಟು ತಾನೇ ಆಟೋ ಹತ್ತಿ ಪಿಂಚಣಿ ಮೇಜಿನ ಮುಂದೆ ನಿಂತಳು.

"ಮೇಡಂ, ನನ್ನ ಗಂಡ ನಾಕು ಕೋಟಿ ಗಳಿಸ್ಯಾನಂತ. ಖರೇನಾ?"

"ದಾಖಲೆ ಐತಿ ಅವ್ವಾ."

"ಅದರಾಗ ನನಗ ಒಂದು ರೂಪಾಯಿ ಕೊಟ್ಟಿಲ್ಲ. ಇದೂ ಖರೇನ. ಬೇಕಾದ್ರ ಮೈಲಾರಲಿಂಗನ ಮ್ಯಾಲೆ ಆಣಿ ಮಾಡತೀನಿ. ಇಂಥ ಗಂಡಗ ನಿಮ್ಮ ಸರಕಾರ ಏನಂತೈತಿ?"

ಅನುರಾಧಾಳ ಮುಖ ಅರಳಿತು. ಪುಸ್ತಕದ ಬೇರೊಂದು ಪುಟಕ್ಕೆ ಕೈ ತಾನಾಗಿಯೇ ಹೋಯಿತು. ಗಂಡ ಬಿಟ್ಟ ಒಂಟಿ ಮಹಿಳೆಯ ಪಿಂಚಣಿ. ಮೊತ್ತ ಅದೇ, ಎರಡು ಸಾವಿರದ ಹದಿನಾರು. ಗಂಡ ಒಂದು ವರ್ಷಕ್ಕಿಂತ ಹೆಚ್ಚು ಬೇರೆ ಕಡೆ ವಾಸವಾಗಿರಬೇಕು.

"ಎಲ್ಲಿ ವಾಸ ಅಂತ ಬರೀಲಿ ಅವ್ವಾ?"

"ನೀವಽ ಬರದೀರಲ್ಲ. ಆಕಾಶದಾಗ. ಮೂವತ್ತೊಂದು ವರ್ಷಾತು."

ಆಕಾಶದಿಂದ ಜಿಗಿದವನು ಕೆಳಗೆ ಬಂದು ಮುಟ್ಟಿದ ಎಂಬುದಕ್ಕೆ ಫಾರಂನಲ್ಲಿ ಖಾನೆ ಇರಲಿಲ್ಲ. ಆದ್ದರಿಂದ ಕುರುಮಯ್ಯ ಕೆಳಗೆ ಬಂದಿರುವುದಕ್ಕೆ ಸರಕಾರದಲ್ಲಿ ಪುರಾವೆಯೂ ಇರಲಿಲ್ಲ. ಆ ಮೂವತ್ತೊಂದು ವರ್ಷದಲ್ಲಿ ಅವರಿಗೆ ಮೂರು ಹೆಣ್ಣುಮಕ್ಕಳು ಹುಟ್ಟಿ, ಮದುವೆಯಾಗಿ, ಗಟ್ಟು, ವಡ್ಡೆಪಲ್ಲಿಗಳ ಕಡೆ ಸಂಸಾರ ಹೂಡಿದ್ದು ಬೇರೆ ವಿಭಾಗದ ವಿಷಯ.

ಸ್ಥಳ ಪರಿಶೀಲನೆ ಮಾತ್ರ ತಪ್ಪುವಂತಿರಲಿಲ್ಲ. ಗಂಡ ನೆಲದ ಮೇಲೆ ಕಂಡುಬಂದರೆ ದರಖಾಸ್ತು ವಜಾ. ಅಂದು ಬೆಳಿಗ್ಗೆ ಬೀರಯ್ಯ ಹೊರಸಿಗೆ ಹಗ್ಗ ಕಟ್ಟಿ, ನಾಲ್ಕು ಮಂದಿಯನ್ನು ಕರೆದು, ಅಂಗಳದ ಬೇವಿನ ಮರಕ್ಕೆ ಕುರುಮಯ್ಯನನ್ನು ಎಳೆದು ಕೂರಿಸಿದ. ಮೊಣಕಾಲಿನ ಮುಲಾಮಿಗೆಂದು ಕೇಳಿದ ಪಿಂಚಣಿಗಾಗಿ ಮರ ಏರಬೇಕಾಗಿ ಬಂದದ್ದನ್ನು ಯಾರೂ ವಿಚಿತ್ರ ಎನ್ನಲಿಲ್ಲ. ಬಡವನ ಕೆಲಸ ಆಗಬೇಕಾದರೆ ಎಲ್ಲಾದರೂ ಏರಲೇಬೇಕು, ಹೆಚ್ಚಿನವರು ಮಹಡಿ ಮೆಟ್ಟಿಲು ಏರುತ್ತಾರೆ.

ಅನುರಾಧಾ ಅಂಗಳಕ್ಕೆ ಬಂದು ಸುತ್ತ ನೋಡಿದಳು. "ನಿನ್ನ ಗಂಡ ಎಲ್ಲಿ ಅವ್ವಾ?"

"ಮ್ಯಾಲೆ."

ಅನುರಾಧಾ ಮೇಲೆ ನೋಡಲಿಲ್ಲ. ಪಂಚನಾಮೆಯಲ್ಲಿ ನೆಲ ಎಂದಷ್ಟೇ ಇತ್ತು. ಕಂಬಳಿಯ ಕೆಳಗೆ, ಬಾಗಿಲ ಹಿಂದೆ, ಕುರಿಗಳ ನಡುವೆ ಪದ್ಧತಿ ಪ್ರಕಾರ ಹುಡುಕಿ, "ನೆಲದ ಮೇಲೆ ಗಂಡ ಕಂಡುಬಂದಿರುವುದಿಲ್ಲ" ಎಂದು ಬರೆದಳು. ಪಂಚರಾಗಿ ಬೀರಯ್ಯ ರುಜು ಹಾಕಿದ.

"ಬಾಯೀ, ಬಿಸಲಾಗ ಬಂದೀರಿ, ಮಜ್ಜಿಗಿ ಕುಡದು ಹೋಗ್ರಿ," ಎಂದಿತು ಬೇವಿನ ಮರ.

"ಆಗಲಿ ತಾತಾ," ಎಂದು ಅನುರಾಧಾ ಕುಡಿದು, ಚೊಂಬು ಕೆಳಗಿಟ್ಟು, ಹೊರಟಳು.

ಮೊದಲ ತಿಂಗಳ ಹಣ ಬಂದಾಗ ಪೆಂಟಮ್ಮ ಗುಳಿಗೆ ತಂದಳು, ಮುಲಾಮು ತಂದಳು, ಬೀಡಿಯನ್ನು ಮಾತ್ರ ಒಂದೇ ಕಟ್ಟು ತಂದಳು. ಕುರಿ ಹದಿಮೂರಕ್ಕೇ ನಿಂತವು. ಕುರುಮಯ್ಯನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, "ನೀ ಇಲ್ಲದ ಮ್ಯಾಲೆ ಮನಿ ಚಂದ ನಡದೈತಿ ನೋಡು," ಎಂದಳು. ಅವನಿಗೂ ಹಾಗೇ ಅನಿಸಿತ್ತು.

ಪಕ್ಕದ ಮನೆಯ ಕುರುಮಮ್ಮ ಇದನ್ನೆಲ್ಲ ಗೋಡೆಯ ಆಚೆಯಿಂದ ನೋಡುತ್ತಿದ್ದಳು. ಅವಳ ಗಂಡ ಬೀರಯ್ಯನಿಗೂ ಪಿಂಚಣಿ ಮೂರು ಸಲ ತಿರುಗಿ ಬಂದಿತ್ತು. ಒಂದು ಸಲ ಅವನ ಬೆರಳಿನ ಗೆರೆ ಸವೆದಿದೆ ಎಂದು, ಒಂದು ಸಲ ಆಧಾರ್ ಕಾರ್ಡಿನಲ್ಲಿ ಅವನು ಹೆಂಗಸೆಂದು, ಒಂದು ಸಲ ಕಾರಣ ಬರೆಯಲು ಜಾಗವಿಲ್ಲವೆಂದು. ಅವಳು ಗಂಡನ ತೋಳು ಹಿಡಿದು ಸಾಯಿನಾಥನ ಮುಂದೆ ನಿಲ್ಲಿಸಿದಳು.

"ಇವನೂ ಜಿಗೀತಾನ ಸಾಬ್. ಬರಕೊಳ್ರಿ."

"ಎಲ್ಲಿಂದ?"

"ಮಾಳಗಿ ಮ್ಯಾಲಿಂದ. ಕುಡದಾಗ."

ಸಾಯಿನಾಥನ ಕಚೇರಿಗೆ ತಲೆಗೆ ಹನ್ನೆರಡು ಸಾವಿರ. ನಿಯಮದಲ್ಲಿ ತಪ್ಪು ಕಾಣಿಸಲಿಲ್ಲ. ವರ್ಷ ತುಂಬುವುದರೊಳಗೆ ಬಿಳಿಗುಂಡಿನಲ್ಲಿ ಅರವತ್ತನಾಲ್ಕು ಮಂದಿ ಆಕಾಶದಿಂದ ಜಿಗಿಯುವವರೂ ಅರವತ್ತನಾಲ್ಕು ಮಂದಿ ಒಂಟಿ ಮಹಿಳೆಯರೂ ಆದರು. ಊರಿನ ಒಟ್ಟು ಗಳಿಕೆ ಇನ್ನೂರ ಎಪ್ಪತ್ತೈದು ಕೋಟಿ ದಾಟಿತು. ಇಷ್ಟು ಶ್ರೀಮಂತ ಊರಿಗೆ ಬೋರ್‌ವೆಲ್ ಮೋಟಾರು ರಿಪೇರಿಗೆ ಅನುದಾನ ಕೊಡುವುದು ಅವಮಾನವಾದೀತೆಂದು ಮೇಲಿನವರು ಅದನ್ನು ನಿಲ್ಲಿಸಿದರು. ಬದಲಿಗೆ ಒಂದು ಪ್ರಶಸ್ತಿ ಫಲಕ ಬಂತು. ಗದ್ವಾಲದ ಅಂದಾಜು ಕಚೇರಿಯಿಂದ ಆರು ಮಂದಿಯ ತಂಡ ಅಧ್ಯಯನಕ್ಕೆ ಬಂದು, ಮಧ್ಯಾಹ್ನ ಊಟ ಮಾಡಿ, ತಮ್ಮ ಹುಡುಗರಿಗೆ ಇನ್ನೂ ಮದುವೆಯಾಗಿಲ್ಲವಲ್ಲ ಎಂದು ಕೊರಗುತ್ತ ಹೋಯಿತು.

ಈಗ ಬಿಳಿಗುಂಡಿನಲ್ಲಿ ಪಿಂಚಣಿ ಹಂಚುವ ದಿನ ಹೊಸ ಪದ್ಧತಿ ನಡೆದಿದೆ. ಬೆಳಿಗ್ಗೆ ಹತ್ತಕ್ಕೆ ಡಂಗುರದವನು ಸಾರುತ್ತಾನೆ: "ಸಮಸ್ತ ಗಂಡಂದಿರು ನೆಲ ಬಿಡತಕ್ಕದ್ದು!" ಗಂಡಸರು ಬೇವು, ಹುಣಸೆ, ಮಾಳಿಗೆ, ನೀರಿನ ಟ್ಯಾಂಕು ಅಂತ ತಮ್ಮ ತಮ್ಮ ಜಾಗ ಸೇರುತ್ತಾರೆ. ಹೊಸದರಲ್ಲಿ ಜಾಗಕ್ಕೆ ಜಗಳವಾಗುತ್ತಿತ್ತು, ಈಗ ಚೀಟಿ ಹಾಕುತ್ತಾರೆ. ಹೆಂಗಸರು ಗುಡಿಯ ಕಟ್ಟೆಯ ಮುಂದೆ ಸಾಲು ನಿಲ್ಲುತ್ತಾರೆ. ಹಣ ತರುವ ವೆಂಕಟಯ್ಯ ಚೀಲವನ್ನು ಮಡಿಲಲ್ಲಿ ಭದ್ರವಾಗಿಟ್ಟುಕೊಂಡು, ಕನ್ನಡಕ ಏರಿಸಿ, ನಿಯಮದಂತೆ ಒಮ್ಮೆ ಗಂಟಲು ಸರಿಮಾಡಿಕೊಂಡು ಕೇಳುತ್ತಾನೆ:

"ಎಲ್ಲರೂ ಆಕಾಶದಾಗ ಅದಾರೇನ್ರೀ?"

"ಅದೀವ್ರೀ!" ಎಂದು ಮೇಲಿನಿಂದ ಒಂದೇ ದನಿಯಲ್ಲಿ ಉತ್ತರ ಬರುತ್ತದೆ.

ವೆಂಕಟಯ್ಯ ಗುರುತು ಹಾಕಿಕೊಂಡು, ಮೊದಲು ಪೆಂಟಮ್ಮನ ಹೆಸರು ಕೂಗುತ್ತಾನೆ.