ಅಧ್ಯಕ್ಷರ ಅರವತ್ತು ಮತ್ತು ನಮ್ಮ ಬ್ಯಾಕಪ್ಪು

ಗೊತ್ತಿದ್ದವರಿಗೆ ಕೆಲಸ ಕೊಡುವುದು ಹಳೆಯ ಪದ್ಧತಿ. ಈಗ, ಬೇಡ ಎಂದು ಗಟ್ಟಿಯಾಗಿ ಹೇಳಲು ಬಾರದವರಿಗೆ ಕೊಡುತ್ತಾರೆ. ದಾವಣಗೆರೆಯ ವಿದ್ಯಾನಗರದ ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದ ನಾನು ಅಲ್ಲಿನ ಸರ್ವರಿನ ಉಸ್ತುವಾರಿಯಾದದ್ದು ಹೀಗೆ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಎಳೆದು ತೆಗೆದೆ. ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಅದನ್ನು ನೋಡಿಬಿಟ್ಟರು. ಮರುದಿನದಿಂದ ನಾನು ತಂತ್ರಜ್ಞ!

ಸರ್ವರ್ ಎಂದರೆ ಆಫೀಸಿನ ಮೂಲೆಯಲ್ಲಿ ಗುಂಯ್‌ಗುಡುವ ಒಂದು ಡಬ್ಬ. ಮಕ್ಕಳ ಟೆಸ್ಟಿನ ಅಂಕ, ಹಾಜರಿ ಎಲ್ಲವೂ ಅದರ ಹೊಟ್ಟೆಯಲ್ಲಿ. ನಾವೀಗ ಡಿಜಿಟಲ್, ಕಾಗದದಲ್ಲಿ ಏನೂ ಇಡಬಾರದು ಎಂದು ಅಧ್ಯಕ್ಷರ ಅಪ್ಪಣೆ. ಪ್ರತಿ ಸಂಜೆ ಅದರ ನಕಲು ಇನ್ನೊಂದು ಡಿಸ್ಕಿಗೆ ಇಳಿಯಬೇಕು, ಅದೇ ಬ್ಯಾಕಪ್. ಈ ಬೇಸಿಗೆಯಲ್ಲಿ ಡಬ್ಬ ಕಟಕಟ ಹಲ್ಲು ಕಡಿಯತೊಡಗಿತು, ಬ್ಯಾಕಪ್ ದಿನವೂ ಒಂದೇ ಫೈಲಿನ ಹತ್ತಿರ ಬಂದು ನಿಲ್ಲತೊಡಗಿತು. ಬರೀ ನಿಂತಿದ್ದರೆ ಸರಿ, ಅಲ್ಲಿಯವರೆಗೆ ನಕಲಾದದ್ದನ್ನೂ ಅಳಿಸಿ ಕೈತೊಳೆದುಕೊಳ್ಳುತ್ತಿತ್ತು. ಅಷ್ಟು ಸ್ವಾಭಿಮಾನಿ ತಂತ್ರಾಂಶ. ಆ ಫೈಲು ಯಾವುದು ಎಂದು ನೋಡಿದರೆ, ಅಧ್ಯಕ್ಷರ ಅರವತ್ತರ ಅಭಿನಂದನಾ ಸಮಾರಂಭದ ವಿಡಿಯೊ. ತೆರೆದರೆ ಹಸಿರು ಪಟ್ಟೆ, ಒಂದು ಕಿರುಚು, ಆಮೇಲೆ ಮೌನ. ಪೂರ್ತಿ ಕೆಟ್ಟಿತ್ತು.

ಅದೊಂದನ್ನು ಬಿಟ್ಟು ಮುಂದೆ ಹೋಗು ಎಂದು ಬ್ಯಾಕಪ್ಪಿಗೆ ಹೇಳಬಹುದು. ಆದರೆ ಅದಕ್ಕೆ ಬೇಕಾದ ಪಾಸ್‌ವರ್ಡ್ ಸೂಪರಿಂಟೆಂಡೆಂಟ್ ನಾಗರತ್ನಮ್ಮನವರ ಬಳಿ. "ಸಾಹೇಬ್ರ ಫೈಲು ಬಿಡಾಕೆ ನಾನ್ಯಾರ್ರಿ? ಅವರನ್ನೇ ಕೇಳ್ರಿ" ಎಂದರು. ಕೇಳಿದೆ.

"ಅಲ್ರಿ ಮೇಷ್ಟ್ರೇ, ಎಲ್ಲಾರದೂ ಉಳಿಸಿ ನನ್ನೊಬ್ಬಂದು ಬಿಡ್ತೀರೇನ್ರಿ?" ಅಧ್ಯಕ್ಷರಿಗೆ ನಿಜವಾಗಿಯೂ ನೋವಾಗಿತ್ತು.

"ಸಾರ್, ಅದು ಕೆಟ್ಟುಹೋಗೈತೆ."

"ರಿಪೇರಿ ಮಾಡ್ರಿ. ಬಿಡಾದು ಮಾತ್ರ ಬ್ಯಾಡ."

ಕೆಟ್ಟದ್ದನ್ನು ಕೈಬಿಡುವ ಸ್ವಭಾವ ಅವರದಲ್ಲ. ವರಾಂಡದ ನೀರಿನ ಫಿಲ್ಟರನ್ನೂ ಅವರು ಇಂದಿಗೂ ಕೈಬಿಟ್ಟಿಲ್ಲ.

ಹೊರಗೆ ಬಂದರೆ ಕೊನೆಯ ವರ್ಷದ ರೇಖಾ ನಿಂತಿದ್ದಳು. ಭಾನುವಳ್ಳಿಯ ಹುಡುಗಿ. ಸುದ್ದಿ ಅವಳವರೆಗೂ ಹೋಗಿತ್ತು. "ಸಾರ್, ಆ ಡಬ್ಬ ಕೆಟ್ರೆ ನಮ್ ಮಾರ್ಕ್ಸ್ ಹೆಂಗೆ? ಜ್ವರದಾಗೆ ಬಸ್ಸಿನಾಗೆ ನಿಂತ್ಕಂಡು ಬಂದು ಬರ್ದೀನ್ರಿ ಆ ಟೆಸ್ಟು."

"ಏನೂ ಆಗಲ್ಲಮ್ಮ" ಎಂದೆ, ದೊಡ್ಡ ತಜ್ಞನ ಗತ್ತಿನಲ್ಲಿ. ಅವಳು ನಂಬಿ ಹೋದಳು.

ಆ ನಂಬಿಕೆಯೇ ನನ್ನನ್ನು ಸ್ಕೂಟರ್ ಹತ್ತಿಸಿ ಹರಿಹರಕ್ಕೆ ಕಳಿಸಿತು. ಸಮಾರಂಭದ ವಿಡಿಯೊ ತೆಗೆದ ಶಿವಣ್ಣನ ಸ್ಟುಡಿಯೊ ಇದ್ದದ್ದು ಅಲ್ಲಿ. "ಐತೆ, ಬರ್ರಿ, ಕೂಡ್ರಿ" ಎಂದು ಆತ ಕಪಾಟು ತಡಕಿದ. "ನಿಮ್ಮ ಕಾಲೇಜಿಗೆ ಕೊಟ್ಟಿದ್ದು ಎಡಿಟ್ ಮಾಡಿದ್ದು. ಅದು ನಮ್ಮತ್ರ ಇಲ್ಲ. ಇದು ಅಸಲಿ, ಒಂಚೂರೂ ಕತ್ತರಿ ಹಾಕಿಲ್ಲ. ಆಗ್ತೈತೇನ್ರಿ?"

"ಅಸಲಿ ಇದ್ದರೆ ಇನ್ನೂ ಒಳ್ಳೇದಾಯ್ತು" ಎಂದೆ ಉದಾರವಾಗಿ.

ಕೆಟ್ಟ ಫೈಲಿನ ಜಾಗಕ್ಕೆ ಇದನ್ನು ಕೂರಿಸಿದೆ. ಆ ಸಂಜೆ ಬ್ಯಾಕಪ್ ಹೆರಿಗೆ ನೋವಿನಲ್ಲಿ ನರಳುತ್ತಾ ಕೊನೆಗೂ ಮುಗಿಯಿತು. ಅದೇ ವಾರ ಡಬ್ಬ ಒಮ್ಮೆ ಜೋರಾಗಿ ಕಟಕಟ ಎಂದು ಶಾಶ್ವತವಾಗಿ ಸುಮ್ಮನಾಯಿತು. ಹೊಸ ಡಬ್ಬ ಬಂತು, ಬ್ಯಾಕಪ್ಪಿನಿಂದ ಎಲ್ಲವೂ ಅದರೊಳಗೆ ಇಳಿಯಿತು, ರೇಖಾಳ ಅಂಕವೂ ಸೇರಿ. ಅವಳು ಆಫೀಸಿಗೆ ಬಂದು ತನ್ನ ಅಂಕವನ್ನು ಕಣ್ಣಾರೆ ನೋಡಿ ನಗುತ್ತಾ ಹೋದಳು. ಅಲ್ಲಿಗೇ ಮುಗಿದಿದ್ದರೆ ನಾನು ಇನ್ನೂ ತಲೆಯೆತ್ತಿ ಓಡಾಡುತ್ತಿದ್ದೆ.

ಆದರೆ ಅಧ್ಯಕ್ಷರಿಗೆ ಸಂತೋಷ ತಡೆಯಲಾಗಲಿಲ್ಲ. ಅಂಕ ಉಳಿದದ್ದಕ್ಕಲ್ಲ, ವಿಡಿಯೊ ಸಿಕ್ಕಿದ್ದಕ್ಕೆ. ಸಿಬ್ಬಂದಿಯನ್ನೆಲ್ಲ ಸಭಾಂಗಣಕ್ಕೆ ಕರೆಸಿ ದೊಡ್ಡ ಪರದೆಯ ಮೇಲೆ ಹಾಕಿಸಿದರು. ಮುಖ್ಯ ಅತಿಥಿಗಳು ಅಧ್ಯಕ್ಷರನ್ನು 'ದಣಿವರಿಯದ ಚೇತನ' ಎಂದು ಹೊಗಳುತ್ತಿದ್ದಾಗ ಕ್ಯಾಮೆರಾ ಮೆಲ್ಲಗೆ ಸಭಿಕರತ್ತ ತಿರುಗಿತು. ಮುಂದಿನ ಸಾಲಿನಲ್ಲಿ ಒಬ್ಬ ಮನುಷ್ಯ ಪ್ರಿನ್ಸಿಪಾಲರ ಹೆಗಲಿಗೆ ತಲೆಯಾನಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದ. ಚಪ್ಪಾಳೆಗೆ ಬೆಚ್ಚಿಬಿದ್ದು ಎದ್ದು ನಿಂತು, ಎಲ್ಲರೂ ನಿಲ್ಲಿಸಿದ ಮೇಲೂ ಒಬ್ಬನೇ ಚಪ್ಪಾಳೆ ತಟ್ಟಿದ. ಅಂಗಿ ನನ್ನದೇ.

ಸಭಾಂಗಣದಲ್ಲಿ ಕೆಮ್ಮುಗಳು ಎದ್ದವು. ಅಧ್ಯಕ್ಷರು ನನ್ನತ್ತ ತಿರುಗಿ, "ಭಾಳ ಚೆಂದ ರಿಪೇರಿ ಮಾಡೀರಿ ಮೇಷ್ಟ್ರೇ" ಎಂದರು.

"ಬ್ಯಾಕಪ್ಪಿನಾಗೂ ಐತ್ರಿ, ಸಾಹೇಬ್ರೇ" ಎಂದು ನಾಗರತ್ನಮ್ಮ ಧೈರ್ಯ ಹೇಳಿದರು.

ಈಗ ಪ್ರತಿ ಸಂಜೆ ಬ್ಯಾಕಪ್ ಎಲ್ಲೂ ನಿಲ್ಲದೆ ಓಡುತ್ತದೆ. ಆ ಫೈಲು ಬಂದಾಗ ನಾನು ಆಸೆಗಣ್ಣಿನಿಂದ ಪರದೆ ನೋಡುತ್ತೇನೆ, ಒಂದು ಸಣ್ಣ ದೋಷವಾದರೂ ಕಂಡೀತೇ ಎಂದು. ಕಾಣುವುದಿಲ್ಲ. ನನ್ನ ನಿದ್ದೆ ಕಿಂಚಿತ್ತೂ ಕೆಡದೆ ಮತ್ತೊಮ್ಮೆ ನಕಲಾಗುತ್ತದೆ. ಬ್ಯಾಕಪ್ ವರದಿಯ ಕೆಳಗೆ, 'ಸುರಕ್ಷಿತವಾಗಿದೆ' ಎಂದು ಪರಿಶೀಲಿಸಿ ಸಹಿ ಮಾಡುವವನು ನಾನೇ.